ಹೊಳೆ ಕೆಟ್ಟಿದ್ದು ಗುಡ್ಡದ ಮೇಲೆ

ಟ್ರೌಟ್ ಮೀನಿಗೆ ತಣ್ಣೀರೇ ಪ್ರಾಣ. ನೀರು 20 ಡಿಗ್ರಿ ದಾಟಿದರೆ ಬ್ರೂಕ್ ಟ್ರೌಟ್ ಒದ್ದಾಡತೊಡಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಡ್ರಿಫ್ಟ್‌ಲೆಸ್ ಎಂಬ ಗುಡ್ಡಗಾಡಿದೆ. ಹಿಮಯುಗದ ಮಂಜುಗಡ್ಡೆ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಹೋದರೂ ಈ ಗುಡ್ಡಗಳನ್ನು ಮುಟ್ಟಲಿಲ್ಲ. ಇಲ್ಲಿ ಮಳೆನೀರು ಕಲ್ಲಿನ ಪದರಗಳೊಳಗೆ ಇಳಿದು ಒರತೆಯಾಗಿ ಹೊರಬರುತ್ತದೆ. ವರ್ಷವಿಡೀ ಸುಮಾರು 10 ಡಿಗ್ರಿ. ಟ್ರೌಟ್‌ಗೆ ಹೇಳಿ ಮಾಡಿಸಿದ ನೀರು.

ಆದರೂ ಮೀನು ಕಡಿಮೆಯಾಯಿತು. 19ನೇ ಶತಮಾನದಲ್ಲಿ ಬಂದ ರೈತರು ಇಳಿಜಾರುಗಳನ್ನು ಉತ್ತರು, ದನ ಮೇಯಿಸಿದರು. ಮಳೆ ಬಂದಾಗಲೆಲ್ಲ ಮಣ್ಣು ಕಣಿವೆಗೆ ಇಳಿಯಿತು. ಕೆಲವು ಕಡೆ ಅದು ಆಳೆತ್ತರಕ್ಕಿಂತ ಜಾಸ್ತಿ ಕೂತಿದೆ! ಹೆಣ್ಣು ಟ್ರೌಟ್ ಬಾಲ ಬಡಿದು ಜಲ್ಲಿಯಲ್ಲಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ನೀರಾಡಿದರಷ್ಟೇ ಮೊಟ್ಟೆಗೆ ಆಮ್ಲಜನಕ. ಸಂದಿಗೆ ಹೂಳು ತುಂಬಿದರೆ ಮರಿ ಮೊಟ್ಟೆಯೊಳಗೇ ಉಸಿರು ಕಟ್ಟಿ ಸಾಯುತ್ತದೆ.

1933ರಲ್ಲಿ ಇಲ್ಲಿನ ಕೂನ್ ವ್ಯಾಲಿಯಲ್ಲಿ ಅಮೆರಿಕದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ ಶುರುವಾಯಿತು. ರೈತರು ಇಳಿಜಾರಿಗೆ ಅಡ್ಡಲಾಗಿ ಉಳುವುದನ್ನು ಕಲಿತರು. ಮಣ್ಣು ಕೊಚ್ಚಿಹೋಗುವುದು ತಗ್ಗಿತು. ಆದರೆ ಅಷ್ಟರಲ್ಲಿ ಕೆಳಗೆ ಬಂದು ಕೂತಿದ್ದ ಮಣ್ಣು? ಹೊಳೆ ಅದನ್ನು ಕೊರೆದು ಇಳಿಯಿತು, ದಡಗಳು ಗೋಡೆಯಂತೆ ನಿಂತವು. ಪ್ರವಾಹಕ್ಕೆ ಪಕ್ಕಕ್ಕೆ ಹರಡಲು ಜಾಗವಿಲ್ಲ. ಅದು ಗೋಡೆಗೇ ಬಡಿದು ಇನ್ನಷ್ಟು ಮಣ್ಣು ಬೀಳಿಸುತ್ತದೆ.

ಈ ಗೋಡೆಗಳ ಮುಂದೆ ಈಗ ಸ್ವಯಂಸೇವಕರು ನಿಂತಿದ್ದಾರೆ. 1959ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದ ಟ್ರೌಟ್ ಅನ್‌ಲಿಮಿಟೆಡ್ ಸಂಘದವರು ಇವರಲ್ಲಿ ಮುಖ್ಯರು, ಗಾಳ ಹಾಕುವ ಹವ್ಯಾಸದವರು. ದಡವನ್ನು ಇಳಿಜಾರು ಮಾಡಲು ಜೆಸಿಬಿಯಂಥ ಯಂತ್ರ ಬೇಕು. ಉಳಿದದ್ದರಲ್ಲಿ ಕೈಕೆಲಸವೇ ಜಾಸ್ತಿ. ದಡದ ಬಾಕ್ಸ್ ಎಲ್ಡರ್ ಮರಗಳನ್ನು ಕಡಿಯುತ್ತಾರೆ. ಹೊಳೆ ಉಳಿಸಲು ಮರ ಕಡಿಯುವುದಾ ಅನ್ನಿಸುತ್ತದೆ, ಅಲ್ವಾ? ಅದರ ನೆರಳಲ್ಲಿ ಹುಲ್ಲು ಬೆಳೆಯುವುದಿಲ್ಲ. ಮಣ್ಣನ್ನು ಹಿಡಿದಿಡುವುದು ಹುಲ್ಲಿನ ದಟ್ಟ ಬೇರು.

ನನಗೆ ತುಂಬ ಇಷ್ಟವಾದದ್ದು ಲಂಕರ್. ಓಕ್ ಹಲಗೆಗಳನ್ನು ಜೋಡಿಸಿ ಗಿಡ್ಡ ಮಂಚದಂಥ ಚೌಕಟ್ಟು ಮಾಡುತ್ತಾರೆ. ತಿರುವಿನಲ್ಲಿ, ದಡದ ಬುಡದಲ್ಲಿ ಅದನ್ನು ನೀರೊಳಗೆ ಕೂರಿಸಿ, ಮೇಲೆ ಕಲ್ಲು, ಮಣ್ಣು ಹೇರುತ್ತಾರೆ. ಮೇಲಿಂದ ನೋಡಿದರೆ ಬರೀ ದಡ. ಕೆಳಗೆ ಕತ್ತಲೆಯ ಗೂಡು, ಕೊಕ್ಕರೆಯ ಕಣ್ಣಿಗೆ ಬೀಳದೆ ಟ್ರೌಟ್ ನಿಲ್ಲುವ ಜಾಗ. ಹಲಗೆ ಸದಾ ಮುಳುಗಿಯೇ ಇರಬೇಕು, ಗಾಳಿ ತಾಗಿದರೆ ಕೊಳೆಯುತ್ತದೆ.

ಕೊನೆಗೆ ಹುಲ್ಲಿನ ಬೀಜ ಎರಚಿ ಒಣಹುಲ್ಲು ಹಾಸುತ್ತಾರೆ. ಬೇರು ಇಳಿಯುವ ಮೊದಲೇ ಜೋರು ಮಳೆ ಬಂದರೆ, ಮತ್ತೆ ಬೀಜದ ಚೀಲ ಹೊತ್ತು ಬರುತ್ತಾರೆ.