ಖಾಲಿ ಮನೆಗೆ ಯಾಕೆ ತಂಪು?

ಹೊರಗೆ ಹೋಗುವಾಗ ಎಸಿ ಆರಿಸಬೇಡಿ, ವಾಪಸ್ ಬಂದಾಗ ಕಾದ ಮನೆಯನ್ನು ತಣ್ಣಗೆ ಮಾಡಲು ಇನ್ನೂ ಜಾಸ್ತಿ ಕರೆಂಟ್ ಬೇಕು. ಈ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ.

ಹೊರಗೆ 36 ಡಿಗ್ರಿ, ಒಳಗೆ 25 ಡಿಗ್ರಿ ಅಂದುಕೊಳ್ಳಿ. ವ್ಯತ್ಯಾಸ 11. ಗೋಡೆ, ತಾರಸಿ, ಗಾಜಿನ ಮೂಲಕ ಶಾಖ ಒಳಗೆ ನುಗ್ಗುವ ವೇಗ ಹೆಚ್ಚುಕಡಿಮೆ ಈ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಎಸಿ ನಿಂತ ಮೇಲೆ ಮನೆ ನಿಧಾನವಾಗಿ 30ಕ್ಕೆ ಏರಿತು. ಈಗ ವ್ಯತ್ಯಾಸ ಬರೀ 6. ಒಳಗೆ ಬರುವ ಶಾಖ ಸುಮಾರು ಅರ್ಧಕ್ಕೆ ಇಳಿಯಿತು. ಎಸಿ ಮಾಡುವುದು ಒಳಗೆ ಸೇರಿದ ಶಾಖವನ್ನು ಎತ್ತಿ ಹೊರಗೆ ಹಾಕುವ ಕೆಲಸ. ಸೇರಿದ್ದೇ ಕಡಿಮೆಯಾದರೆ ಎತ್ತಿ ಹಾಕಬೇಕಾದದ್ದೂ ಕಡಿಮೆ. ಸಂಜೆ ಅದು ಒಂದೇ ಸಮನೆ ಗುಂಯ್‌ಗುಡುವುದು ನಮ್ಮ ಕಿವಿಗೆ ಬೀಳುತ್ತದೆ, ಬಿಲ್ ಏರುತ್ತಿದೆ ಅಂತ ಭಯವಾಗುತ್ತದೆ. ಮಧ್ಯಾಹ್ನವೆಲ್ಲ ಅದು ಸುಮ್ಮನಿದ್ದದ್ದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ!

ಮನೆಯ ತಾಪಮಾನ ನೋಡಿ ಎಸಿಯನ್ನು ತಾನೇ ಓಡಿಸುವ, ನಿಲ್ಲಿಸುವ ಸಾಧನವೇ ಥರ್ಮೋಸ್ಟಾಟ್. ಈ ಉಳಿತಾಯವನ್ನು ದಿನವೂ ಮರೆಯದೆ ಮಾಡಲಿ ಅಂತಲೇ, ಯಾವ ಹೊತ್ತಿಗೆ ಎಷ್ಟು ಡಿಗ್ರಿ ಅಂತ ಮೊದಲೇ ಹೇಳಿಡಬಹುದಾದ ಪ್ರೋಗ್ರಾಂ ಥರ್ಮೋಸ್ಟಾಟ್ ಇರುವುದು. ಹಳೆಯ ಥರ್ಮೋಸ್ಟಾಟಿನಲ್ಲಿ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತಿತ್ತು. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಸ್ವಿಚ್ ಬದಲಾಗುತ್ತದೆ. ಈಗ ಆ ಜಾಗದಲ್ಲಿ ಚಿಕ್ಕ ಸೆನ್ಸರ್ ಬಂದಿದೆ, ಜೊತೆಗೊಂದು ಗಡಿಯಾರ. ಎಲ್ಲರೂ ಹೊರಟ ಮೇಲೆ 29–30, ಬರುವುದಕ್ಕೆ ಅರ್ಧ ಗಂಟೆ ಮುಂಚೆ 25 ಅಂತ ಒಮ್ಮೆ ಹೇಳಿಟ್ಟರೆ ಸಾಕು. ದಿನಕ್ಕೆ 8 ಗಂಟೆ ಹೀಗೆ 4ರಿಂದ 5.5 ಡಿಗ್ರಿ ಬದಲಾಯಿಸಿದರೆ, ಮನೆ ಬಿಸಿ–ತಂಪು ಮಾಡುವ ವರ್ಷದ ಖರ್ಚಿನಲ್ಲಿ ಶೇ. 10ರವರೆಗೂ ಉಳಿಸಬಹುದು ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು.

ಹಾಗಿದ್ದೂ ಅದೇ ದೇಶದಲ್ಲಿ ಈ ಥರ್ಮೋಸ್ಟಾಟುಗಳಿಗೆ ಕೊಡುತ್ತಿದ್ದ ಎನರ್ಜಿ ಸ್ಟಾರ್ ಗುರುತನ್ನು (ಕರೆಂಟ್ ಉಳಿಸುವ ಉಪಕರಣಗಳಿಗೆ ಅಲ್ಲಿನ ಸರ್ಕಾರ ಕೊಡುವ ಗುರುತು) 2009ರ ಕೊನೆಗೆ ನಿಲ್ಲಿಸಿದರು. ಉಪಕರಣದಲ್ಲಿ ದೋಷವಿರಲಿಲ್ಲ. ಆದರೆ ಗುಂಡಿಗಳ ಗೊಂದಲಕ್ಕೆ ಬೇಸತ್ತು ಎಷ್ಟೋ ಜನ ‘ಹೋಲ್ಡ್’ ಒತ್ತಿ ಬಿಟ್ಟುಬಿಡುತ್ತಿದ್ದರು. ಹೋಲ್ಡ್ ಒತ್ತಿದರೆ ವೇಳಾಪಟ್ಟಿ ಲೆಕ್ಕಕ್ಕಿಲ್ಲ, ಹಗಲೂ ರಾತ್ರಿ ಒಂದೇ ತಾಪಮಾನ. ನನ್ನ ಪ್ರಕಾರ ತಪ್ಪು ಜನರದ್ದಲ್ಲ, ಅಂಥ ಗುಂಡಿಗಳನ್ನು ಮಾಡಿದವರದ್ದು. ಮನೆಯಲ್ಲಿ ಯಾರಿದ್ದಾರೆ ಅಂತ ತಾನೇ ಗಮನಿಸುವ ಸ್ಮಾರ್ಟ್ ಥರ್ಮೋಸ್ಟಾಟುಗಳು ಬಂದದ್ದು ಆಮೇಲೆ.

ಹಾಗಂತ ಅಂಗಡಿಗೆ ಹೋಗಿ ಬರುವ ಹತ್ತು ನಿಮಿಷಕ್ಕೆಲ್ಲ ಸೆಟ್ಟಿಂಗ್ ಬದಲಿಸಬೇಕಿಲ್ಲ, ಅಷ್ಟರಲ್ಲಿ ಹೇಳಿಕೊಳ್ಳುವಂಥ ಉಳಿತಾಯವೇನೂ ಆಗದು. ಮನೆ ಬೇಗ ತಣ್ಣಗಾಗಲಿ ಅಂತ 18ಕ್ಕೆ ಇಳಿಸುವುದೂ ದಂಡ. ಒಂದೇ ವೇಗದ ಕಂಪ್ರೆಸರ್ ಇದ್ದರೆ ತಂಪಾಗುವ ವೇಗ ಅಷ್ಟೇ, 25 ದಾಟಿದರೂ ನಿಲ್ಲದೆ ಓಡುತ್ತದೆ. ಥರ್ಮೋಸ್ಟಾಟ್ ಇರುವ ಗೋಡೆಗೆ ಬಿಸಿಲು ಬೀಳುತ್ತದೆಯೇ, ಅದರ ಕೆಳಗೆ ಟಿವಿ ಇದೆಯೇ ಅಂತಲೂ ನೋಡಿ. ಇದ್ದರೆ ಮನೆ ತಣ್ಣಗಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.