ಗೊತ್ತಿದೆ ಎನಿಸಿದರೆ ಸಾಲದು: ಬೋಧನೆ, ರೋಗನಿರ್ಣಯ ಮತ್ತು ಪುರಾವೆ

ಮುಂದೆ ಓದುವ ಮೊದಲು ಒಂದು ಲೆಕ್ಕ ಮಾಡಿ ನೋಡಿ. ಒಂದು ಕಾಯಿಲೆ ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ. ಅದನ್ನು ಪತ್ತೆ ಹಚ್ಚುವ ಪರೀಕ್ಷೆ, ಕಾಯಿಲೆ ಇಲ್ಲದವರಲ್ಲಿಯೂ ಶೇ 5 ಮಂದಿಗೆ ‘ಇದೆ’ ಎಂದು ತೋರಿಸುತ್ತದೆ. ಲಕ್ಷಣಗಳೇನೂ ನಮಗೆ ಗೊತ್ತಿಲ್ಲದ ಒಬ್ಬ ವ್ಯಕ್ತಿಯ ಫಲಿತಾಂಶ ‘ಇದೆ’ ಎಂದು ಬಂದಿದೆ. ಆ ವ್ಯಕ್ತಿಗೆ ನಿಜವಾಗಿಯೂ ಕಾಯಿಲೆ ಇರುವ ಸಂಭವ ಎಷ್ಟು? ಉತ್ತರವನ್ನು ಕಾಗದದ ಮೇಲೆ ಬರೆದಿಡಿ. ಮನಸ್ಸಿನಲ್ಲೇ ಇಟ್ಟುಕೊಂಡರೆ, ಸರಿಯುತ್ತರ ಕಂಡ ಕೂಡಲೇ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎನಿಸಿಬಿಡುತ್ತದೆ.

1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆಯನ್ನು 60 ಮಂದಿಗೆ ಕೇಳಲಾಯಿತು. ಅವರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳೂ ಇದ್ದರು, ಹಿರಿಯ ವೈದ್ಯರೂ ಇದ್ದರು. 27 ಮಂದಿ ಶೇ 95 ಎಂದರು. ಸರಿಯಾಗಿ ಹೇಳಿದವರು 11 ಮಂದಿ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿ 61 ಮಂದಿಯಲ್ಲಿ 14 ಮಂದಿಯ ಉತ್ತರ ಸರಿಯಿತ್ತು. ನಡುವಿನ ಮೂರೂವರೆ ದಶಕಗಳಲ್ಲಿ ಪರೀಕ್ಷಾ ಯಂತ್ರಗಳು ಎಷ್ಟೋ ಸುಧಾರಿಸಿದವು. ಈ ಲೆಕ್ಕ ಮಾತ್ರ ಬಹುಪಾಲು ಇದ್ದಲ್ಲೇ ಇತ್ತು.

ಶೇಕಡಾವಾರುಗಳನ್ನು ಬದಿಗಿಟ್ಟು ಜನರನ್ನು ಎಣಿಸಿದರೆ ಉತ್ತರ ತಾನಾಗಿಯೇ ಕಾಣುತ್ತದೆ. ಸಾವಿರ ಜನರನ್ನು ತೆಗೆದುಕೊಳ್ಳಿ. ಒಬ್ಬರಿಗೆ ಕಾಯಿಲೆ ಇದೆ. ಪರೀಕ್ಷೆ ಅವರನ್ನು ಹಿಡಿಯುತ್ತದೆ ಎಂದುಕೊಳ್ಳೋಣ. ಉಳಿದ 999 ಮಂದಿ ಆರೋಗ್ಯವಂತರು. ಅವರಲ್ಲಿ ಶೇ 5 ಎಂದರೆ ಸುಮಾರು 50 ಮಂದಿಗೂ ‘ಇದೆ’ ಎಂದೇ ಬರುತ್ತದೆ. ಒಟ್ಟು 51 ಮಂದಿಯ ಕೈಯಲ್ಲಿ ‘ಇದೆ’ ಎಂಬ ಚೀಟಿ, ಕಾಯಿಲೆ ಇರುವವರು ಅವರಲ್ಲಿ ಒಬ್ಬರು. ಸಂಭವ ಸುಮಾರು ಶೇ 2.

ಈಗ ಒಂದೇ ಒಂದು ಅಂಕಿಯನ್ನು ಬದಲಿಸಿ. ಪರೀಕ್ಷೆ ಅದೇ, ಆದರೆ ಪರೀಕ್ಷೆಗೆ ಬಂದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಇದೆ. ಸಾವಿರದಲ್ಲಿ 100 ರೋಗಿಗಳು. ಉಳಿದ 900 ಮಂದಿಯಲ್ಲಿ 45 ಮಂದಿಗೆ ತಪ್ಪು ಫಲಿತಾಂಶ. 145ರಲ್ಲಿ 100, ಅಂದರೆ ಸುಮಾರು ಶೇ 69. ಫಲಿತಾಂಶದ ಕಾಗದದಲ್ಲಿ ಎರಡೂ ಸಲ ಒಂದೇ ಮಾತು ಇರುತ್ತದೆ, ಅರ್ಥ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿದೆ. ವೈದ್ಯರು ರೋಗಿಯ ಮಾತು ಕೇಳಿ, ದೇಹವನ್ನು ಮುಟ್ಟಿ ನೋಡಿ, ಆಮೇಲೆ ಪರೀಕ್ಷೆಗೆ ಕಳಿಸಬೇಕೆನ್ನುವುದು ಬರೀ ಸಂಪ್ರದಾಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕಂಡಿಲ್ಲ. ಆ ಮಾತುಕತೆಯೇ ಸಾವಿರದಲ್ಲಿ ಒಂದನ್ನು ಹತ್ತರಲ್ಲಿ ಒಂದಾಗಿಸುವುದು.

ಇಲ್ಲಿಂದ ಬೋಧನೆಯ ವಿಷಯ ಶುರುವಾಗುತ್ತದೆ. ಮನೋವಿಜ್ಞಾನಿಗಳಾದ ಗೆರ್ಡ್ ಗಿಗರೆನ್ಜರ್ ಮತ್ತು ಉಲ್ರಿಚ್ ಹಾಫ್ರಾಗೆ 1995ರಲ್ಲಿ ಇಂಥ ಲೆಕ್ಕಗಳನ್ನು ಎರಡು ರೂಪದಲ್ಲಿ ಕೊಟ್ಟು ನೋಡಿದರು. ಶೇಕಡಾವಾರು ಸಂಭವನೀಯತೆಯ ರೂಪದಲ್ಲಿ ಕೊಟ್ಟಾಗ ಸರಿಯಾದ ತರ್ಕ ಕಂಡದ್ದು ಶೇ 16 ಉತ್ತರಗಳಲ್ಲಿ. ‘ಇಷ್ಟು ಜನರಲ್ಲಿ ಇಷ್ಟು ಮಂದಿ’ ಎಂದು ಕೊಟ್ಟಾಗ ಅದು ಶೇ 46ಕ್ಕೆ ಏರಿತು. 2001ರಲ್ಲಿ ಪೀಟರ್ ಸೆಡ್ಲ್‌ಮಯರ್ ಜೊತೆ ಗಿಗರೆನ್ಜರ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಎರಡು ಗಂಟೆಗೂ ಕಡಿಮೆ ತರಬೇತಿಯಲ್ಲಿ ಒಂದು ಗುಂಪಿಗೆ ಸಂಭವನೀಯತೆಯ ಸೂತ್ರವನ್ನು ಕಲಿಸಿದರು, ಇನ್ನೊಂದಕ್ಕೆ ಎಣಿಕೆಯಾಗಿ ಬರೆದುಕೊಳ್ಳುವುದನ್ನು ಕಲಿಸಿದರು. ತರಬೇತಿ ಮುಗಿದಾಗ ಎರಡೂ ಗುಂಪುಗಳು ಸುಧಾರಿಸಿದ್ದವು. ವಾರಗಳು ಕಳೆದ ಮೇಲೆ ಸೂತ್ರ ಕಲಿತವರಲ್ಲಿ ಅದು ಸವೆಯಿತು, ಎಣಿಕೆ ಕಲಿತವರಲ್ಲಿ ಉಳಿಯಿತು. ವೈದ್ಯರ ತಪ್ಪು ಎಂದು ಮೇಲ್ನೋಟಕ್ಕೆ ಕಂಡದ್ದರಲ್ಲಿ ಒಂದು ದೊಡ್ಡ ಪಾಲು ಅವರಿಗೆ ಕಲಿಸಿದ ರೀತಿಯ ತಪ್ಪಾಗಿತ್ತು.

ಎರಡು ವೃತ್ತಿ, ಒಂದೇ ಕಷ್ಟ

ಬೋಧನೆಯನ್ನೂ ರೋಗನಿರ್ಣಯವನ್ನೂ ಒಂದೇ ಟಿಪ್ಪಣಿಯಲ್ಲಿ ಇಟ್ಟದ್ದಕ್ಕೆ ಕಾರಣವಿದೆ. ವೈದ್ಯರಿಗೆ ದೇಹದ ಒಳಗು ಕಾಣುವುದಿಲ್ಲ. ಅಧ್ಯಾಪಕರಿಗೆ ವಿದ್ಯಾರ್ಥಿಯ ತಲೆಯ ಒಳಗು ಕಾಣುವುದಿಲ್ಲ. ಹೊರಗೆ ಕಾಣುವ ಕುರುಹುಗಳಿಂದ ಒಳಗಿರುವುದನ್ನು ಊಹಿಸುವುದೇ ಇಬ್ಬರ ಕೆಲಸ. ಅದಕ್ಕಿಂತ ಮುಖ್ಯವಾಗಿ, ಊಹೆ ತಪ್ಪಾದಾಗ ಸುದ್ದಿ ಇಬ್ಬರಿಗೂ ತಲುಪುವುದಿಲ್ಲ. ಮರಳಿ ಬಾರದ ರೋಗಿ ಗುಣವಾದರು ಎಂದು ವೈದ್ಯರು ಭಾವಿಸುತ್ತಾರೆ, ಅವರು ಬೇರೆಡೆ ಹೋಗಿರಬಹುದು. ತಲೆಯಾಡಿಸಿದ ತರಗತಿಗೆ ಅರ್ಥವಾಯಿತು ಎಂದು ಅಧ್ಯಾಪಕರು ಭಾವಿಸುತ್ತಾರೆ, ತಿಂಗಳ ನಂತರ ಏನು ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಹೀಗೆ ಇಪ್ಪತ್ತು ವರ್ಷ ದುಡಿದರೆ ಆತ್ಮವಿಶ್ವಾಸ ಖಂಡಿತ ಬೆಳೆಯುತ್ತದೆ, ನಿಖರತೆ ಅದರ ಜೊತೆಗೇ ಬೆಳೆಯಬೇಕೆಂದಿಲ್ಲ.

2013ರ ಒಂದು ಅಧ್ಯಯನ ಇದನ್ನು ನೇರವಾಗಿ ಅಳೆಯಿತು. 118 ವೈದ್ಯರಿಗೆ ಸುಲಭ ಮತ್ತು ಕಠಿಣ ಪ್ರಕರಣಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ತಮ್ಮ ವಿಶ್ವಾಸವನ್ನು ಹತ್ತರಲ್ಲಿ ಅಂಕವಾಗಿ ಬರೆಯಲು ಹೇಳಲಾಯಿತು. ಸುಲಭ ಪ್ರಕರಣಗಳಲ್ಲಿ ಶೇ 55ರಷ್ಟು ನಿರ್ಣಯಗಳು ಸರಿಯಿದ್ದವು, ಕಠಿಣವಾದವುಗಳಲ್ಲಿ ಶೇ 6ರಷ್ಟು. ವಿಶ್ವಾಸದ ಅಂಕ? ಮೊದಲನೆಯದರಲ್ಲಿ 7.2, ಎರಡನೆಯದರಲ್ಲಿ 6.4. ನಿಖರತೆ ಪಾತಾಳಕ್ಕೆ ಇಳಿದಾಗಲೂ ವಿಶ್ವಾಸ ಒಂದು ಅಂಕದಷ್ಟೂ ಇಳಿಯಲಿಲ್ಲ. ವಿಶ್ವಾಸ ಹೆಚ್ಚಿದ್ದವರು ಮುಂದಿನ ಪರೀಕ್ಷೆಗಳನ್ನು ಕೇಳಿದ್ದೂ ಕಡಿಮೆ. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಅಂಶ, ಏಕೆಂದರೆ ತಪ್ಪು ಬಯಲಾಗುವ ಬಾಗಿಲನ್ನು ಮುಚ್ಚುವುದೇ ಆ ವಿಶ್ವಾಸ.

ಕಲಿಯುವವರಲ್ಲೂ ಇದೇ ಆಗುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿದ್ದದ್ದನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರು ಮುಂದಿದ್ದರು: ಶೇ 83, ಬರೆದವರು ಶೇ 71. ವಾರದ ನಂತರ ಚಿತ್ರ ತಿರುಗಿತು: ಓದಿದವರಿಗೆ ಶೇ 40, ಬರೆದವರಿಗೆ ಶೇ 61. ಇನ್ನೂ ಒಂದು ವಿವರವಿದೆ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆ ತೋರಿದವರು ಮರುಮರು ಓದಿದವರೇ. ಕಣ್ಣು ಸರಾಗವಾಗಿ ಜಾರಿದರೆ ಮನಸ್ಸು ಅದನ್ನೇ ತಿಳಿವಳಿಕೆ ಎಂದುಕೊಳ್ಳುತ್ತದೆ.

ವೈದ್ಯಕೀಯ ಶಿಕ್ಷಣದಲ್ಲೂ ಇದನ್ನು ಪರೀಕ್ಷಿಸಲಾಗಿದೆ. 2009ರ ಅಧ್ಯಯನವೊಂದರಲ್ಲಿ ತರಬೇತಿಯಲ್ಲಿದ್ದ ವೈದ್ಯರು ನರಸಂಬಂಧಿ ಕಾಯಿಲೆಗಳೆರಡರಲ್ಲಿ ಒಂದಕ್ಕೆ ಕಿರುಪರೀಕ್ಷೆಗಳನ್ನು ಬರೆದರು, ಇನ್ನೊಂದಕ್ಕೆ ಸಾರಾಂಶವನ್ನು ಓದಿದರು. ಆರು ತಿಂಗಳ ನಂತರ ಪರೀಕ್ಷೆ ಬರೆದ ವಿಷಯದಲ್ಲಿ ಸರಾಸರಿ ಶೇ 39, ಓದಿದ ವಿಷಯದಲ್ಲಿ ಶೇ 26. ಎರಡೂ ಅಂಕಿಗಳು ದೊಡ್ಡವಲ್ಲ ಎಂಬುದನ್ನೂ ಗಮನಿಸಿ. ಒಳ್ಳೆಯ ವಿಧಾನವೂ ಮರೆವನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ.

ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಅಧ್ಯಾಪಕರಿಗೆ ವಿಶೇಷವಾಗಿ ಮುಖ್ಯ. ವಿಷಯ ಒಂದೇ, ಟಿಪ್ಪಣಿ ಒಂದೇ. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ, ಇನ್ನೊಂದು ಗುಂಪಿನವರು ಸೇರಿ ತಾವೇ ಲೆಕ್ಕ ಬಿಡಿಸಬೇಕು. ಹೆಚ್ಚು ಅಂಕ ಬಂದದ್ದು ತಾವೇ ಬಿಡಿಸಿದವರಿಗೆ, ‘ಹೆಚ್ಚು ಕಲಿತೆವು’ ಎಂದದ್ದು ಉಪನ್ಯಾಸ ಕೇಳಿದವರು. ವಿದ್ಯಾರ್ಥಿಗಳ ಮೆಚ್ಚುಗೆಯ ಅಂಕವೊಂದನ್ನೇ ನೋಡಿ ಬೋಧನೆಯನ್ನು ಅಳೆಯುವ ಸಂಸ್ಥೆಗಳು ಈ ಫಲಿತಾಂಶವನ್ನು ಮುಂದಿಟ್ಟುಕೊಂಡು ಯೋಚಿಸಬೇಕು.

ಕಲಿಕೆಯ ಕ್ರಮದಲ್ಲೇ ರೋಗನಿರ್ಣಯವಿದೆ

ಹೃದಯದ ಇಸಿಜಿ ಓದಲು ಸಾಮಾನ್ಯವಾಗಿ ಹೇಗೆ ಕಲಿಸುತ್ತಾರೆ? ಮೊದಲು ಒಂದು ರೋಗ, ಅದರ ಐದಾರು ಉದಾಹರಣೆ. ಆಮೇಲೆ ಎರಡನೆಯ ರೋಗ, ಅದರ ಉದಾಹರಣೆಗಳು. ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಮೂರನೆಯ ಉದಾಹರಣೆಗೆ ಬರುವ ಹೊತ್ತಿಗೆ ಉತ್ತರ ಪಾಠದ ಶೀರ್ಷಿಕೆಯಲ್ಲೇ ಇರುತ್ತದೆ, ವಿದ್ಯಾರ್ಥಿ ಯಾವುದನ್ನೂ ಯಾವುದರಿಂದಲೂ ಬೇರ್ಪಡಿಸಬೇಕಾಗಿಲ್ಲ. ಕೆನಡಾದಲ್ಲಿ ರೋಸ್ ಹಟಾಲಾ, ಲೀ ಬ್ರೂಕ್ಸ್, ಜೆಫ್ರಿ ನಾರ್ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಬೇರೆ ರೋಗಗಳ ಇಸಿಜಿಗಳನ್ನು ಕಲಸಿ ಅಭ್ಯಾಸ ಮಾಡಿದವರು, ಒಂದೊಂದು ರೋಗವನ್ನೇ ಬಿಡಿಬಿಡಿಯಾಗಿ ಅಭ್ಯಾಸ ಮಾಡಿದವರಿಗಿಂತ ಹೊಸ ಇಸಿಜಿಗಳನ್ನು ಹೆಚ್ಚು ಸರಿಯಾಗಿ ಗುರುತಿಸಿದರು. ಆಸ್ಪತ್ರೆಯಲ್ಲಿ ರೋಗಿಗಳು ಅಧ್ಯಾಯದ ಕ್ರಮದಲ್ಲಿ ಬರುವುದಿಲ್ಲವಲ್ಲ. ‘ಇದು ಅದಲ್ಲ, ಇದು’ ಎನ್ನುವ ಸಾಮರ್ಥ್ಯವೇ ನಿರ್ಣಯ. ಅದು ಬೆಳೆಯುವುದು ಹೋಲುವಂಥವು ಅಕ್ಕಪಕ್ಕ ಬಂದಾಗ. ಗಣಿತದ ಲೆಕ್ಕಗಳಿಗೂ ಇದೇ ಅನ್ವಯಿಸುತ್ತದೆ: ಅಭ್ಯಾಸದ ಪುಟದಲ್ಲಿ ಎಲ್ಲ ಲೆಕ್ಕಗಳಿಗೂ ಒಂದೇ ಸೂತ್ರ ಹೊಂದಿದರೆ, ಯಾವ ಸೂತ್ರ ಬೇಕೆಂದು ಆರಿಸುವುದನ್ನು ವಿದ್ಯಾರ್ಥಿ ಕಲಿಯುವುದೇ ಇಲ್ಲ.

ಹಾಗಾದರೆ ಯೋಚನೆಯ ದೋಷಗಳ ಬಗ್ಗೆ ಪಾಠ ಮಾಡಿದರೆ ಸಾಲದೇ? ರೋಗನಿರ್ಣಯದ ನೂರು ತಪ್ಪುಗಳನ್ನು ಪರಿಶೀಲಿಸಿದ 2005ರ ವರದಿಯಲ್ಲಿ 74ರಲ್ಲಿ ಯೋಚನೆಯ ದೋಷಗಳ ಪಾತ್ರವಿತ್ತು. ಅವುಗಳಲ್ಲಿ ಹೆಚ್ಚು ಕಂಡದ್ದು, ಮೊದಲು ಹೊಳೆದ ಉತ್ತರಕ್ಕೇ ನಿಂತು ಬೇರೆ ಸಾಧ್ಯತೆಗಳನ್ನು ಹುಡುಕದೆ ಬಿಡುವುದು. ಆದರೆ ದೋಷಗಳ ಹೆಸರುಗಳನ್ನು ಕಲಿಸುವುದರಿಂದಲೇ ತಪ್ಪುಗಳು ಇಳಿಯುತ್ತವೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿಲ್ಲ. ಇದಕ್ಕಿಂತ ಆಶಾದಾಯಕವಾದದ್ದು ನಿರ್ದಿಷ್ಟ ಕ್ರಮ: ಮೊದಲ ಉತ್ತರ ಬರೆದ ಮೇಲೆ ಅದಕ್ಕೆ ಹೊಂದುವ ಲಕ್ಷಣಗಳು, ಹೊಂದದ ಲಕ್ಷಣಗಳು, ಇರಬೇಕಿದ್ದೂ ಇಲ್ಲದವು, ಬೇರೆ ಸಾಧ್ಯತೆಗಳು ಎಂದು ಪಟ್ಟಿ ಮಾಡಿ ಮತ್ತೆ ನೋಡುವುದು. ಇತ್ತೀಚೆಗೆ ಕಂಡ ರೋಗವೇ ಕಣ್ಣ ಮುಂದೆ ನಿಂತು ದಾರಿ ತಪ್ಪಿಸಿದಾಗ ಈ ಕ್ರಮ ನೆರವಾಗುತ್ತದೆ ಎಂದು ಸಿಲ್ವಿಯಾ ಮಾಮೆಡೆ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು.

ತರ್ಕ ಒಪ್ಪಿದರೂ ಪುರಾವೆ ಬೇಕು

ಹೃದಯಾಘಾತವಾದವರಲ್ಲಿ ಹೃದಯ ಆಗಾಗ ಹೆಚ್ಚುವರಿ ಮಿಡಿತ ಮಿಡಿದರೆ ಸಾವಿನ ಅಪಾಯ ಹೆಚ್ಚು. ಎಂಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳು ಆ ಮಿಡಿತಗಳನ್ನು ಅಡಗಿಸುತ್ತವೆ. ಆದ್ದರಿಂದ ಅವು ಜೀವ ಉಳಿಸಬೇಕು. ಈ ತರ್ಕದಲ್ಲಿ ಎಲ್ಲಿ ಬಿರುಕಿದೆ ಎಂದು ಹೇಳುವುದು ಕಷ್ಟ. ಕೊನೆಗೆ ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಎರಡು ಗುಂಪು ಮಾಡಿ ನೋಡಲಾಯಿತು. 1991ರ ವರದಿಯ ಪ್ರಕಾರ ಔಷಧ ಪಡೆದ 755 ಮಂದಿಯಲ್ಲಿ 63 ಸಾವು, ಔಷಧವಿಲ್ಲದ ಹುಸಿಗುಳಿಗೆ ಪಡೆದ 743 ಮಂದಿಯಲ್ಲಿ 26. ಮಿಡಿತ ಅಡಗಿತ್ತು, ಸಾವು ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಅಳೆಯಲು ಸುಲಭವಾದದ್ದನ್ನು ಸುಧಾರಿಸಿ, ನಿಜವಾಗಿ ಬೇಕಾದದ್ದು ಸುಧಾರಿಸಿತೆಂದು ನಂಬುವುದರ ಬೆಲೆ ಇದು. ಬೋಧನೆಯಲ್ಲಿ ಇದಕ್ಕೆ ಸಮನಾದದ್ದು, ಪಾಠ ಮುಗಿದ ಐದೇ ನಿಮಿಷಕ್ಕೆ ಕೊಡುವ ಪರೀಕ್ಷೆಯ ಅಂಕ.

ಪ್ರತಿ ವಿದ್ಯಾರ್ಥಿಗೂ ತನ್ನದೇ ‘ಕಲಿಕಾ ಶೈಲಿ’ ಇದೆ (ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಎಂಬಂತೆ), ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬ ಮಾತು ಕೂಡ ತರ್ಕಕ್ಕೆ ಒಪ್ಪುತ್ತದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹಲೇಖಕರು ಸರಿಯಾದ ಪ್ರಯೋಗ ಹೇಗಿರಬೇಕೆಂದು ಮೊದಲು ಸ್ಪಷ್ಟಪಡಿಸಿ ಹುಡುಕಿದರು. ಶೈಲಿಗೆ ಹೊಂದಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ.

ಅಧ್ಯಯನವೊಂದು ಕೈಗೆ ಬಂದಾಗ ನಾನು ಮೊದಲು ನೋಡುವುದು ಹೋಲಿಕೆಯನ್ನು. ಉತ್ಸಾಹಿ ಅಧ್ಯಾಪಕರು ತಾವಾಗಿಯೇ ಹೊಸ ವಿಧಾನವನ್ನು ಆರಿಸಿಕೊಂಡಿದ್ದರೆ ಫಲಿತಾಂಶ ವಿಧಾನದ್ದೋ ಉತ್ಸಾಹದ್ದೋ ತಿಳಿಯುವುದಿಲ್ಲ. ಒಂದೇ ತರಗತಿಯ ನಲವತ್ತು ಮಕ್ಕಳು ನಲವತ್ತು ಸ್ವತಂತ್ರ ಪುರಾವೆಗಳೂ ಅಲ್ಲ. ಅವರಿಗೆಲ್ಲ ಒಬ್ಬರೇ ಅಧ್ಯಾಪಕರು. ರೋಗನಿರ್ಣಯದ ಪರೀಕ್ಷೆಗಳಲ್ಲಿ ಬೇರೆ ಒಂದು ಹಳ್ಳವಿದೆ: ತೀವ್ರವಾಗಿ ಕಾಯಿಲೆಯಾದವರನ್ನೂ ಪೂರ್ತಿ ಆರೋಗ್ಯವಂತರನ್ನೂ ಮಾತ್ರ ಹೋಲಿಸಿದರೆ ಯಾವ ಪರೀಕ್ಷೆಯೂ ಚೆನ್ನಾಗಿ ಕಾಣುತ್ತದೆ. ವೈದ್ಯರಿಗೆ ಪರೀಕ್ಷೆ ಬೇಕಾಗುವುದು ಅನುಮಾನವಿದ್ದ ಕಡೆ, ಆದ್ದರಿಂದ ಅನುಮಾನಾಸ್ಪದ ಪ್ರಕರಣಗಳ ಮೇಲೇ ಅದನ್ನು ಅಳೆದಿರಬೇಕು.

ಪುರಾವೆ ಕೆಲಸಕ್ಕೆ ಬರುವುದು ಅದು ಕೈಗೆಟುಕುವ ರೂಪ ಪಡೆದಾಗ. ಕೆನಡಾದ ಇಯಾನ್ ಸ್ಟೀಲ್ ಮತ್ತು ತಂಡದವರು 1992ರಲ್ಲಿ ಪ್ರಕಟಿಸಿದ ಒಟ್ಟಾವಾ ಕಣಕಾಲು ನಿಯಮ ಅಂಥದ್ದು. ಕಣಕಾಲಿನ ಗಂಟುಗಳ ಸುತ್ತ ನೋವಿದ್ದು, ನಿರ್ದಿಷ್ಟ ಜಾಗದಲ್ಲಿ ಮೂಳೆಯನ್ನು ಒತ್ತಿದರೆ ನೋಯುತ್ತದೆಯೇ, ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಇಡಲಾಗಲಿಲ್ಲವೇ ಎಂದು ನೋಡಿದರೆ ಸಾಕು. ಯಾವುದೂ ಇಲ್ಲದಿದ್ದರೆ ಎಕ್ಸ್-ರೇ ಬೇಡ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ವಿಶ್ಲೇಷಣೆಯ ಪ್ರಕಾರ ಇದು ಮುರಿತಗಳನ್ನು ಬಹುತೇಕ ತಪ್ಪಿಸಿಕೊಳ್ಳಗೊಡುವುದಿಲ್ಲ, ಅನಗತ್ಯ ಎಕ್ಸ್-ರೇಗಳನ್ನು ಶೇ 30ರಿಂದ 40ರಷ್ಟು ಇಳಿಸಬಲ್ಲದು.

ಕೊನೆಯದಾಗಿ ಇಂಗ್ಲೆಂಡಿನ ಲೀಡ್ಸ್ ನಗರದ ಉದಾಹರಣೆ. 1972ರಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು ತೀವ್ರ ಹೊಟ್ಟೆನೋವಿನ 304 ರೋಗಿಗಳಲ್ಲಿ ಕಂಪ್ಯೂಟರ್ ನಿರ್ಣಯವನ್ನು ವೈದ್ಯರ ನಿರ್ಣಯದೊಂದಿಗೆ ಹೋಲಿಸಿದರು: ಕಂಪ್ಯೂಟರ್ ಶೇ 91.8, ತಂಡದ ಹಿರಿಯ ವೈದ್ಯರು ಶೇ 79.6. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಎರಡು ವರ್ಷಗಳ ನಂತರದ ವರದಿಯೇ ನಮಗೆ ಹೆಚ್ಚು ಬೇಕಾದದ್ದು. ವ್ಯವಸ್ಥೆ ಬಳಕೆಯಲ್ಲಿದ್ದಾಗ ವೈದ್ಯರ ಸ್ವಂತ ನಿರ್ಣಯವೂ ಸುಧಾರಿಸಿತ್ತು. ಅದನ್ನು ತೆಗೆದಾಗ ಮತ್ತೆ ಹಳೆಯ ಮಟ್ಟದತ್ತ ಇಳಿಯಿತು. ಕಂಪ್ಯೂಟರಿಗಾಗಿ ಪ್ರತಿ ರೋಗಿಗೂ ಒಂದೇ ಬಗೆಯ ನಮೂನೆಯನ್ನು ಪೂರ್ತಿ ತುಂಬಬೇಕಿತ್ತು, ತಮ್ಮ ನಿರ್ಣಯವನ್ನು ಮೊದಲೇ ಬರೆಯಬೇಕಿತ್ತು, ಆಮೇಲೆ ನಿಜ ಏನೆಂದು ತಿಳಿಯುತ್ತಿತ್ತು. ವೈದ್ಯರಿಗೆ ಕಲಿಸಿದ್ದು ಯಂತ್ರದ ಉತ್ತರಕ್ಕಿಂತ ಈ ಸುತ್ತು ಎಂಬುದು ನನ್ನ ಓದು.

ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ತರಬೇತಿಯಲ್ಲಿರುವ ವೈದ್ಯರು ವರದಿ ತೆರೆಯುವ ಮೊದಲು ತಮ್ಮ ನಿರ್ಣಯವನ್ನೂ ಅದರ ಸಂಭವವನ್ನೂ ದಿನಾಂಕ ಹಾಕಿ ಬರೆಯಬಹುದು, ಅಂತಿಮ ನಿರ್ಣಯ ಬಂದಾಗ ಪಕ್ಕದಲ್ಲಿ ಸೇರಿಸಬಹುದು. ಅಧ್ಯಾಪಕರು ಪಾಠದ ದಿನವೇ ಎಷ್ಟು ಮಂದಿ ಉತ್ತರಿಸಬಲ್ಲರು ಎಂದು ಬರೆದಿಟ್ಟು, ನಾಲ್ಕು ವಾರಗಳ ನಂತರ ಮುನ್ಸೂಚನೆ ಕೊಡದೆ ಅದೇ ವಿಷಯದ ಐದು ಪ್ರಶ್ನೆ ಕೇಳಬಹುದು. ಎರಡು ಅಂಕಣಗಳು ತುಂಬತೊಡಗಿದ ಮೇಲೆ ಯಾವ ವಿಷಯದಲ್ಲಿ ತಮ್ಮ ಊಹೆ ಸತತವಾಗಿ ಮೇಲಕ್ಕೆ ಓಡುತ್ತದೆ ಎಂಬುದು ಪುಟದ ಮೇಲೇ ಕಾಣುತ್ತದೆ, ಯಾವ ಸಂಶೋಧನೆಯನ್ನು ಮೊದಲು ಓದಬೇಕೆಂಬುದೂ ಅಲ್ಲೇ ತಿಳಿಯುತ್ತದೆ.