ಗಾಳಿಗಿಂತ ಮೊದಲು ಲೆಕ್ಕ ಮುಗಿಯಬೇಕು

ಮಲ್ಪೆ ಬಂದರಿನಲ್ಲಿ ಬೋಟಿಗೆ ಐಸ್ ತುಂಬುವ ಹೊತ್ತಿಗೇ ತಾಂಡೇಲರು (ಬೋಟಿನ ನಾಯಕರು) ಮೊಬೈಲಿನಲ್ಲಿ ಗಾಳಿಯ ಮುನ್ಸೂಚನೆ ನೋಡಿರುತ್ತಾರೆ. ಹವಾಮಾನ ಇಲಾಖೆ ‘ಕಡಲಿಗಿಳಿಯಬೇಡಿ’ ಎನ್ನುವ ಮೊದಲು ಪುಣೆ, ನೋಯ್ಡಾಗಳ ಸೂಪರ್‌ಕಂಪ್ಯೂಟರ್‌ಗಳು ಗಂಟೆಗಟ್ಟಲೆ ಲೆಕ್ಕ ಹಾಕಿರುತ್ತವೆ. 1922ರಲ್ಲಿ ಬ್ರಿಟಿಷ್ ವಿಜ್ಞಾನಿ ಲೂಯಿಸ್ ರಿಚರ್ಡ್‌ಸನ್ ಕೇವಲ ಆರು ಗಂಟೆಯ ಹವಾಮಾನವನ್ನು ಕೈಯಲ್ಲೇ ಲೆಕ್ಕ ಹಾಕಿದ ಪ್ರಯೋಗವನ್ನು ಪ್ರಕಟಿಸಿದರು. ಅದಕ್ಕೆ ವಾರಗಳೇ ಹಿಡಿದಿದ್ದವು, ಉತ್ತರವೂ ತಪ್ಪಿತ್ತು.

ಇಷ್ಟು ವೇಗವಿದ್ದರೆ ಸೂಪರ್‌ಕಂಪ್ಯೂಟರ್ ಎಂಬ ಖಾಯಂ ಗೆರೆಯೇನೂ ಇಲ್ಲ. ತನ್ನ ಕಾಲದ ಅತಿವೇಗದ ಯಂತ್ರಗಳ ಸಾಲಿನಲ್ಲಿರಬೇಕು, ಅಷ್ಟೆ. ಅಮೆರಿಕದ ಎಂಜಿನಿಯರ್ ಸೀಮೋರ್ ಕ್ರೇ ರೂಪಿಸಿದ 1964ರ ಸಿಡಿಸಿ 6600 ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕ ಮಾಡುತ್ತಿತ್ತು. 1976ರ ಕ್ರೇ-1 ಗರಿಷ್ಠ 16 ಕೋಟಿ. ಇವತ್ತು ತಾಂಡೇಲರ ಕೈಯ ಮೊಬೈಲೇ ಎರಡನ್ನೂ ಹಿಂದಿಕ್ಕುತ್ತದೆ.

ಆದರೆ ಒಂದೇ ಪ್ರೊಸೆಸರನ್ನು (ಲೆಕ್ಕ ಹಾಕುವ ಚಿಪ್) ಎಷ್ಟೆಂದು ಚುರುಕು ಮಾಡುವುದು? ಸಾವಿರಾರು ಪ್ರೊಸೆಸರ್‌ಗಳನ್ನು ಒಂದೇ ಕೆಲಸಕ್ಕೆ ಹೂಡುವ ದಾರಿ ಗೆದ್ದಿತು. ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ ಕೈರಂಪಣಿ; ಅದನ್ನು ಎಳೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡದಲ್ಲಿ ಎರಡು ಸಾಲು, ಹತ್ತಾರು ಜನ, ಬಲೆ ಮಾತ್ರ ಒಂದೇ. ಒಂದು ತುದಿ ಹಿಂದೆ ಬಿದ್ದರೆ ಮೀನು ಜಾರಿಹೋಗುತ್ತದೆ. ಇಲ್ಲೂ ಒಂದೊಂದು ಪ್ರೊಸೆಸರ್ ಕಡಲಿನ, ಬಾನಿನ ಒಂದೊಂದು ತುಂಡನ್ನು ನೋಡಿಕೊಳ್ಳುತ್ತದೆ. ಹೆಜ್ಜೆಹೆಜ್ಜೆಗೂ ಪಕ್ಕದ ತುಂಡಿನ ಗಾಳಿ, ಒತ್ತಡ ಎಷ್ಟೆಂದು ಕೇಳಲೇಬೇಕು. ಹಾಗಾಗಿ ಅವುಗಳನ್ನು ಬೆಸೆಯುವ ಜಾಲಕ್ಕೂ ಚಿಪ್‌ನಷ್ಟೇ ಬೆಲೆ.

ಭಾರತ ಹಿಡಿದದ್ದೂ ಇದೇ ದಾರಿ. ಎಂಬತ್ತರ ದಶಕದಲ್ಲಿ ಮಳೆ ಮುನ್ಸೂಚನೆಗೆ ಯಂತ್ರ ಕೇಳಿದಾಗ ಅಮೆರಿಕ ಕೊಟ್ಟದ್ದು ನಾವು ಬಯಸಿದ್ದಕ್ಕಿಂತ ಕೆಳದರ್ಜೆಯ ಕ್ರೇ ಯಂತ್ರ. 1988ರಲ್ಲಿ ಪುಣೆಯಲ್ಲಿ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ನೇತೃತ್ವದಲ್ಲಿ 1991ಕ್ಕೆ ಹಲವು ಪ್ರೊಸೆಸರ್‌ಗಳನ್ನು ಬೆಸೆದ ಸೂಪರ್‌ಕಂಪ್ಯೂಟರ್ ‘ಪರಮ್ 8000’ ಸಿದ್ಧವಾಯಿತು. ನಮ್ಮವರ ಆ ಹಟ ಈಗಲೂ ಹೆಮ್ಮೆ ತರುತ್ತದೆ.

2024ರಲ್ಲಿ ಪುಣೆಗೆ ಬಂದ ಹವಾಮಾನದ ಸೂಪರ್‌ಕಂಪ್ಯೂಟರ್ ‘ಅರ್ಕ’ದ ಸಾಮರ್ಥ್ಯ 11.77 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 11,770 ಲಕ್ಷ ಕೋಟಿ ಲೆಕ್ಕ. ಇಷ್ಟೆಲ್ಲ ಯಾಕೆ? ಮಲ್ಪೆಯಿಂದ ಆಗುಂಬೆಗೆ ನೇರ ಗೆರೆಯಲ್ಲಿ ಸುಮಾರು 45 ಕಿ.ಮೀ. ಮುನ್ಸೂಚನೆಯ ಲೆಕ್ಕದ ಮಾದರಿ ನೆಲ, ಕಡಲನ್ನು ಚೌಕಗಳಾಗಿ ಹಂಚಿಕೊಂಡು ಒಂದೊಂದಕ್ಕೂ ಒಂದೇ ಗಾಳಿ ಎಂದುಕೊಳ್ಳುತ್ತದೆ. ಆ ಚೌಕ 12 ಕಿ.ಮೀ. ಇದ್ದಾಗ ಕಡಲು, ಬಯಲು, ಘಟ್ಟದ ಏರು ಎಲ್ಲವೂ ನಾಲ್ಕು ಚೌಕದಲ್ಲಿ ಮುಗಿಯುತ್ತಿತ್ತು. 2025ರ ಮೇ ತಿಂಗಳಲ್ಲಿ ಚೌಕ 6 ಕಿ.ಮೀ.ಗೆ ಇಳಿಯಿತು. ಅಳತೆ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟು, ಸಮಯದ ಹೆಜ್ಜೆಗಳು ಎರಡು ಪಟ್ಟು. ಕೆಲಸ ಎಂಟು ಪಟ್ಟು.

ಆದರೂ ಬಂದರಿನಿಂದ ಸೇಂಟ್ ಮೇರೀಸ್ ದ್ವೀಪದವರೆಗಿನ ನೀರು ಹೆಚ್ಚುಕಡಿಮೆ ಒಂದೇ ಚೌಕ, ಅದಕ್ಕೆ ಒಂದೇ ಗಾಳಿ. ಅಲ್ಲಿ ದೋಣಿ ನಡೆಸುವವರು ಅಷ್ಟರಲ್ಲೇ ಎರಡು ಮೂರು ಬಗೆಯ ಗಾಳಿ ಕಂಡಿರುತ್ತಾರೆ. ಅದನ್ನು ಹಿಡಿಯಲು ಚೌಕ 3 ಕಿ.ಮೀ. ಆಗಬೇಕೆಂದರೆ, ಮತ್ತೆ ಎಂಟು ಪಟ್ಟು.